ಬಿಯರ್ಡೆಡ್ ಡ್ರ್ಯಾಗನ್ ಮರಿ: ಮೊದಲ ವರ್ಷ ದಾಟಿಸುವುದು ಹೇಗೆ?

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಮಕ್ಕಳು ನಾಯಿಮರಿ ಬೇಕೆಂದು ಹಠ ಹಿಡಿಯುತ್ತಾರೆ, ದೊಡ್ಡವರು ಆಗುವುದಿಲ್ಲ ಎನ್ನುತ್ತಾರೆ, ಮಾತು ಕೊನೆಗೆ ಹಲ್ಲಿಜಾತಿಯ ಬಿಯರ್ಡೆಡ್ ಡ್ರ್ಯಾಗನ್‌ಗೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲೂ ಇದನ್ನು ಸಾಕುವವರಿದ್ದಾರೆ. ನಮ್ಮ ಬೇಲಿಸಾಲಿನಲ್ಲಿ ತಲೆಯಾಡಿಸುತ್ತಾ ಕೂರುವ ಓತಿಕ್ಯಾತದ ಕುಟುಂಬಕ್ಕೇ ಸೇರಿದ ಜೀವಿ ಇದು. ಸಾಧು ಸ್ವಭಾವ. ಹಗಲು ಹೊತ್ತು ಎಚ್ಚರವಿರುತ್ತದೆ, ಮನುಷ್ಯರ ಕೈಗೆ ಬೇಗ ಒಗ್ಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ, ಕೆಲವು ಅದಕ್ಕೂ ಹೆಚ್ಚು.

ಆದರೆ ಮೊದಲ ವರ್ಷವೇ ಗಂಡಾಂತರದ ಕಾಲ. ಮೊಟ್ಟೆಯೊಡೆದು ಬಂದಾಗ ಎರಡು ಮೂರು ಗ್ರಾಂ ತೂಗುವ, ಸುಮಾರು 10 ಸೆಂ.ಮೀ. ಉದ್ದದ ಮರಿ ಒಂದು ವರ್ಷದೊಳಗೆ 45ರಿಂದ 60 ಸೆಂ.ಮೀ. ಮುಟ್ಟುತ್ತದೆ. ಅಷ್ಟು ಬೇಗ ಬೆಳೆಯುವ ಮೈಗೆ ಅಷ್ಟೇ ಬೇಗ ಮೂಳೆ ಕಟ್ಟಬೇಕು. ಮೂಳೆ ಕಟ್ಟಲು ಸುಣ್ಣದಂಶ ಬೇಕು, ಅದನ್ನು ಹೀರಿಕೊಳ್ಳಲು ಸರಿಯಾದ ಬೆಳಕು ಬೇಕು, ತಿಂದದ್ದು ಅರಗಲು ಸರಿಯಾದ ಬಿಸಿ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಮರಿಗಳ ಕಾಯಿಲೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಮರಿಯ ಬಣ್ಣ, ತಳಿಗಳ ಬಗ್ಗೆ ಯೋಚಿಸುವುದಕ್ಕೆ ಮೊದಲು ಅದರ ಗೂಡಿನ ಬಗ್ಗೆ ಯೋಚಿಸಿ.

ತರುವ ಮೊದಲು

ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ಒಂದು ವಿಷಯವಿದೆ. ಈ ಮರಿ ಜೀವಂತ ಹುಳುಗಳನ್ನು ತಿಂದೇ ಬೆಳೆಯಬೇಕು. ಬರೀ ಸೊಪ್ಪು ತರಕಾರಿಯ ಮೇಲೆ ಅದನ್ನು ಬೆಳೆಸಲು ಸಾಧ್ಯವೇ ಇಲ್ಲ. ಎಂದರೆ ಮನೆಯ ಒಂದು ಮೂಲೆಯಲ್ಲಿ ಕ್ರಿಕೆಟ್ ಹುಳುಗಳ ಡಬ್ಬಿ ಸದಾ ಇರುತ್ತದೆ, ಒಂದೆರಡು ತಪ್ಪಿಸಿಕೊಂಡು ಸೋಫಾದ ಕೆಳಗೆ ರಾತ್ರಿಯಿಡೀ ಚಿರ್‌ಗುಟ್ಟುತ್ತವೆ. ಇದು ನಿಮ್ಮ ಮನೆಯ ಆಚಾರಕ್ಕೆ, ಮನಸ್ಸಿಗೆ ಒಗ್ಗದಿದ್ದರೆ ಬೇರೆ ಪ್ರಾಣಿ ನೋಡುವುದು ಒಳ್ಳೆಯದು. ಮರಿ ಬಂದ ಮೇಲೆ ಅದಕ್ಕೆ ಅರೆಹೊಟ್ಟೆ ಆಗಬಾರದು.

ಕಾನೂನನ್ನೂ ನೋಡಿಕೊಳ್ಳಿ. ಇದರ ತವರು ಆಸ್ಟ್ರೇಲಿಯಾದ ಒಳನಾಡು. ಅಲ್ಲಿನ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕೆಂದು ಜೀವಂತವಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಉಳಿದ ದೇಶಗಳಲ್ಲಿ ಮಾರಾಟವಾಗುವವು ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿದವು. ಆಸ್ಟ್ರೇಲಿಯಾದಲ್ಲೇ ಇರುವವರು ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾದಂಥ ರಾಜ್ಯಗಳಲ್ಲಿ ವನ್ಯಜೀವಿ ಪರವಾನಗಿ ಪಡೆದ ಮೇಲೆಯೇ ಮರಿ ತರಬೇಕು. ಭಾರತದಲ್ಲಿ ಕೊಳ್ಳುವವರು ಮರಿ ಎಲ್ಲಿಂದ ಬಂತೆಂಬ ದಾಖಲೆಯನ್ನು ಮಾರುವವರಿಂದ ಲಿಖಿತವಾಗಿ ಪಡೆಯಿರಿ. ನಮ್ಮ ಊರಿನ ಉಡ, ಗೋಸುಂಬೆಗಳನ್ನಂತೂ ಮನೆಯಲ್ಲಿ ಸಾಕುವುದು ಅಪರಾಧ.

ಮರಿ ಆರಿಸುವಾಗ ಕನಿಷ್ಠ ಆರರಿಂದ ಎಂಟು ವಾರ ತುಂಬಿದ್ದನ್ನೇ ತೆಗೆದುಕೊಳ್ಳಿ. ಕಣ್ಣು ಅಗಲವಾಗಿ ತೆರೆದು ಹೊಳೆಯುತ್ತಿರಬೇಕು. ಕೈ ಹತ್ತಿರ ತಂದಾಗ ತಲೆಯೆತ್ತಿ ನೋಡಬೇಕು. ಓಡುವಾಗ ಹೊಟ್ಟೆ ನೆಲಕ್ಕೆ ತಾಗದೆ ಮೇಲೆದ್ದಿರಬೇಕು. ಬೆರಳುಗಳನ್ನು ಒಂದೊಂದಾಗಿ ಎಣಿಸಿ, ಬಾಲದ ತುದಿ ಕಪ್ಪಾಗಿ ಒಣಗಿಲ್ಲವೆಂದು ನೋಡಿ. ಸೊಂಟದ ಮೂಳೆ ಎದ್ದು ಕಾಣುವ ಮರಿ, ಗುಂಪಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತ ಮರಿ ಕಂಡರೆ ಅಯ್ಯೋ ಪಾಪ ಎನಿಸುತ್ತದೆ. ಆದರೂ ಮೊದಲ ಬಾರಿ ಸಾಕುವವರು ಅದನ್ನು ತರಬೇಡಿ. ಅದಕ್ಕೆ ಅನುಭವವಿರುವ ಕೈ ಬೇಕು.

ಗೂಡು

ಬೆಳೆದ ಪ್ರಾಣಿಗೆ ಬೇಕಾದ ಕನಿಷ್ಠ ಗೂಡು 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ. ಮರಿಗೆ ಸಣ್ಣದು ಸಾಕು, ಆಮೇಲೆ ದೊಡ್ಡದು ಕೊಳ್ಳೋಣ ಎಂದರೆ ಎರಡು ಸಲ ದುಡ್ಡು ಕೊಡುತ್ತೀರಿ. ಸಣ್ಣ ಗೂಡಿನಲ್ಲಿ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇಡುವುದೂ ಕಷ್ಟ. ಮೊದಲೇ ದೊಡ್ಡದನ್ನು ತಂದು, ಮರಿ ಬೆದರದಂತೆ ಎರಡು ಮೂರು ಕಡೆ ಅಡಗುವ ಜಾಗ ಮಾಡಿಕೊಡಿ. ಹತ್ತಿ ಕೂರಲು ಗಟ್ಟಿಯಾದ ಕೊಂಬೆ, ಬೆಚ್ಚಗಾಗಲು ಚಪ್ಪಟೆ ಕಲ್ಲು ಇರಲಿ. ಕಲ್ಲು ಉರುಳಿ ಮರಿಯ ಮೇಲೆ ಬೀಳದ ಹಾಗೆ ಗೂಡಿನ ತಳಕ್ಕೇ ಕೂರಿಸಿ.

ನೆಲಕ್ಕೆ ಏನು ಹಾಸಬೇಕು? ಮರಿಗೆ ಪೇಪರ್ ಟವೆಲ್ ಅಥವಾ ಹಳೆಯ ಪತ್ರಿಕೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಹಿಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ದಿನವೂ ಬದಲಿಸಬಹುದು. ಸ್ವಲ್ಪ ದೊಡ್ಡದಾದ ಮೇಲೆ ಒರಟು ಟೈಲ್ಸ್ ಹಾಕಿದರೆ ಉಗುರೂ ಸವೆಯುತ್ತದೆ. ಅಂಗಡಿಯಲ್ಲಿ ಬಣ್ಣಬಣ್ಣದ ಕ್ಯಾಲ್ಸಿಯಂ ಮರಳು, ಅಕ್ರೋಟು ಚಿಪ್ಪಿನ ಪುಡಿ ಮಾರುತ್ತಾರೆ. ಪ್ಯಾಕೆಟ್ ಮೇಲೆ ಜೀರ್ಣವಾಗುತ್ತದೆ ಎಂದು ಬರೆದಿದ್ದರೂ ಮರಿಯ ಗೂಡಿಗೆ ಅದು ಬೇಡ. ಹುಳು ಹಿಡಿಯುವಾಗ ನಾಲಿಗೆಗೆ ಅಂಟಿ ಹೊಟ್ಟೆ ಸೇರಿ ಕರುಳಲ್ಲಿ ಗಟ್ಟಿಯಾಗಿ ಕೂರುತ್ತದೆ.

ಬಿಸಿಲು ಮತ್ತು ಬಿಸಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಾದರೆ ಇದನ್ನು ಓದಿ.

ಕಾಡಿನಲ್ಲಿ ಈ ಪ್ರಾಣಿ ಬೆಳಗಾಗುತ್ತಲೇ ಬೇಲಿಕಂಬ, ಮರದ ಬೊಡ್ಡೆ, ಬಂಡೆಗಳ ಮೇಲೆ ಹತ್ತಿ ಬಿಸಿಲಿಗೆ ಮೈ ಚಪ್ಪಟೆ ಮಾಡಿ ಕೂರುತ್ತದೆ. ಆ ಬಿಸಿಲಿನಿಂದ ಅದಕ್ಕೆ ಶಾಖವೂ ಸಿಗುತ್ತದೆ, ಯುವಿಬಿ ಎಂಬ ಅತಿನೇರಳೆ ಕಿರಣವೂ ಸಿಗುತ್ತದೆ. ಯುವಿಬಿ ಚರ್ಮಕ್ಕೆ ಬಿದ್ದಾಗ ವಿಟಮಿನ್ ಡಿ3 ತಯಾರಾಗಲು ಶುರುವಾಗುತ್ತದೆ, ಆ ತಯಾರಿ ಪೂರ್ಣಗೊಳ್ಳಲು ಮೈ ಬೆಚ್ಚಗಿರಬೇಕು. ಡಿ3 ಇದ್ದರೆ ಮಾತ್ರ ಕರುಳು ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಇಲ್ಲವಾದರೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಮೂಳೆಯಿಂದಲೇ ಕರಗಿ ಬರುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಮೂಳೆ ಪೂರ್ತಿ ನೇರವಾಗುವುದಿಲ್ಲ.

ಕ್ಯಾಲ್ಸಿಯಂ ಪುಡಿಯಲ್ಲೇ ಡಿ3 ಸೇರಿಸಿ ಕೊಟ್ಟರಾಯಿತಲ್ಲ, ಯುವಿಬಿ ಕೊಡುವ ಟ್ಯೂಬ್‌ಲೈಟಿನ ಖರ್ಚೇಕೆ ಎಂದು ಕೇಳುವವರಿದ್ದಾರೆ. ನೆದರ್ಲೆಂಡ್ಸ್‌ನ ಸಂಶೋಧಕರು ಇದೇ ಪ್ರಾಣಿಯ ಮರಿಗಳ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬಾಯಿಯ ಮೂಲಕ ಕೊಟ್ಟ ಡಿ3 ಯುವಿಬಿ ಬೆಳಕಿಗೆ ಸಮನಾಗಲಿಲ್ಲ, ಬೆಳಕಿನಡಿ ಬೆಳೆದ ಮರಿಗಳ ರಕ್ತದಲ್ಲಿ ಡಿ ಅಂಶ ಬಹಳ ಹೆಚ್ಚಿತ್ತು. ಟ್ಯೂಬಿನ ದುಡ್ಡು ಉಳಿಸುವ ಯೋಚನೆ ಬಿಡಿ.

ಯಾವ ಟ್ಯೂಬು? ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬು, 10ರಿಂದ 12 ಪ್ರತಿಶತ ಯುವಿಬಿ ಎಂದು ಗುರುತಿರುವುದು. ಗೂಡಿನ ಉದ್ದದ ಅರ್ಧಕ್ಕಿಂತ ಹೆಚ್ಚು, ಸಾಧ್ಯವಾದರೆ ಮೂರನೇ ಎರಡು ಭಾಗ ಅದರ ಬೆಳಕು ಬೀಳಬೇಕು. ಸುರುಳಿಯಾಕಾರದ ಸಣ್ಣ ಬಲ್ಬುಗಳ ಬೆಳಕು ಒಂದೇ ಜಾಗಕ್ಕೆ ಸೀಮಿತ, ಈ ಪ್ರಾಣಿಗೆ ಸಾಲದು. ಟ್ಯೂಬಿಗೂ ಮರಿ ಕೂರುವ ಜಾಗಕ್ಕೂ ಇರಬೇಕಾದ ಅಂತರ ಸಾಮಾನ್ಯವಾಗಿ 30ರಿಂದ 40 ಸೆಂ.ಮೀ. ತಯಾರಕರು ಕೊಡುವ ಪಟ್ಟಿಯನ್ನು ನೋಡಿಯೇ ಕೊನೆಯ ಅಳತೆ ನಿರ್ಧರಿಸಿ. ಮಧ್ಯೆ ತಂತಿಬಲೆ ಇದ್ದರೆ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಕಿರಣ ಅಲ್ಲೇ ತಡೆಯಾಗುತ್ತದೆ. ಗಾಜಂತೂ ಯುವಿಬಿಯನ್ನು ಒಳಗೆ ಬಿಡುವುದೇ ಇಲ್ಲವೆನ್ನಬಹುದು. ಕಿಟಕಿಯ ಪಕ್ಕ ಗೂಡಿಟ್ಟರೆ ಬಿಸಿಲು ಸಿಗುತ್ತದೆಂಬ ನಂಬಿಕೆಯಿಂದ ಎಷ್ಟೋ ಮರಿಗಳು ಕಾಲು ಕಳೆದುಕೊಂಡಿವೆ. ಯುವಿ ಅಳೆಯುವ ಮೀಟರು ದುಬಾರಿ. ಪರಿಚಯದವರಲ್ಲಿ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ, ಮರಿಯ ಬೆನ್ನಿನ ಮಟ್ಟದಲ್ಲಿ ಯುವಿ ಸೂಚ್ಯಂಕ 3ರಿಂದ 4 ಬಂದರೆ ಸರಿ. ಇನ್ನೊಂದು ಮಾತು: ಟ್ಯೂಬು ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಅದರ ಯುವಿಬಿ ದಿನೇ ದಿನೇ ಕುಗ್ಗುತ್ತಿರುತ್ತದೆ. ಟಿ5 ಟ್ಯೂಬನ್ನು 12 ತಿಂಗಳಿಗೊಮ್ಮೆ ಬದಲಿಸಿ. ಹಾಕಿದ ದಿನಾಂಕವನ್ನು ಅದರ ತುದಿಯಲ್ಲೇ ಬರೆದಿಡಿ.

ಬಿಸಿಗೆ ಬೇರೆ ಬಲ್ಬು. ಬಿಳಿ ಬೆಳಕಿನ ಹ್ಯಾಲೋಜನ್ ಫ್ಲಡ್ ಬಲ್ಬು ಇದಕ್ಕೆ ಚೆನ್ನಾಗಿದೆ, ಹಾರ್ಡ್‌ವೇರ್ ಅಂಗಡಿಯದ್ದೇ ಆಗುತ್ತದೆ. ಅದನ್ನು ಟ್ಯೂಬು ಇರುವ ಬದಿಯಲ್ಲೇ ಹಾಕಿ, ಬೆಳಕೂ ಶಾಖವೂ ಮರಿಗೆ ಒಂದೇ ಜಾಗದಲ್ಲಿ ಮೇಲಿನಿಂದ ಸಿಗಲಿ. ಮರಿ ಕೂರುವ ಕಲ್ಲಿನ ಮೇಲ್ಮೈ 40ರಿಂದ 43 ಡಿಗ್ರಿ ಸೆಲ್ಸಿಯಸ್, ತಂಪು ಬದಿಯ ಗಾಳಿ 24ರಿಂದ 28. ಈ ಎರಡು ತುದಿಗಳ ನಡುವೆ ಓಡಾಡಿ ಮರಿ ತನಗೆ ಬೇಕಾದ ಬಿಸಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ತಂಪು ಬದಿ ಇಲ್ಲದ ಗೂಡಿನಲ್ಲಿ ಅದು ಬೇಯುತ್ತದೆ, ಬಿಸಿ ಬದಿ ಸಾಲದ ಗೂಡಿನಲ್ಲಿ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ.

ಕೈಯಿಟ್ಟು ನೋಡಿ ಬಿಸಿ ಇದೆ ಎನ್ನುವುದು ಲೆಕ್ಕಕ್ಕಿಲ್ಲ. ಕಲ್ಲಿನ ಮೇಲ್ಮೈ ಅಳೆಯಲು ಇನ್‌ಫ್ರಾರೆಡ್ ಟೆಂಪರೇಚರ್ ಗನ್, ಗಾಳಿ ಅಳೆಯಲು ವೈರಿನ ತುದಿಯಲ್ಲಿ ಪ್ರೋಬ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು. ಗೂಡಿನ ಗಾಜಿಗೆ ಅಂಟಿಸುವ ಗಡಿಯಾರದಂಥ ಮೀಟರು ತೋರಿಸುವುದು ಆ ಗಾಜಿನ ಬಿಸಿಯನ್ನು. ಮರಿ ತರುವುದಕ್ಕೆ ಮೂರು ನಾಲ್ಕು ದಿನ ಮೊದಲೇ ಗೂಡನ್ನು ಪೂರ್ತಿ ಹೊಂದಿಸಿ, ದೀಪಗಳನ್ನು ಹಚ್ಚಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು ಬರೆದಿಡಿ. ಬಲ್ಬಿನ ವ್ಯಾಟ್, ಎತ್ತರ ಎಲ್ಲ ಸರಿಹೋದ ಮೇಲೆ ಮರಿ ಬರಲಿ.

ದೀಪಗಳು ದಿನಕ್ಕೆ 12ರಿಂದ 14 ಗಂಟೆ ಉರಿಯಲಿ, ಟೈಮರ್ ಸಾಕೆಟ್‌ಗೆ ಹಾಕಿಬಿಟ್ಟರೆ ನಿಶ್ಚಿಂತೆ. ರಾತ್ರಿ ಪೂರ್ತಿ ಕತ್ತಲಿರಬೇಕು. ಕೆಂಪು, ನೀಲಿ ‘ನೈಟ್ ಬಲ್ಬು’ಗಳು ನಿದ್ದೆ ಕೆಡಿಸುತ್ತವೆ. ಈ ಪ್ರಾಣಿಯ ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಇನ್ನೊಂದು ಪುಟ್ಟ ಕಣ್ಣಿದೆ. ರಾತ್ರಿ ಉಷ್ಣಾಂಶ 18 ಡಿಗ್ರಿಗಿಂತ ಕೆಳಗಿಳಿಯುವ ಊರುಗಳಲ್ಲಿ ಬೆಳಕಿಲ್ಲದೆ ಶಾಖ ಕೊಡುವ ಸೆರಾಮಿಕ್ ಹೀಟರ್ ಹಾಕಿ, ಅದಕ್ಕೆ ಥರ್ಮೋಸ್ಟಾಟ್ ಜೋಡಿಸಿ. ಡಿಸೆಂಬರ್, ಜನವರಿಯ ಬೆಂಗಳೂರಿಗೂ ಇದು ಬೇಕಾಗುತ್ತದೆ. ಕರೆಂಟಿನಿಂದ ಕಾಯುವ ‘ಬಿಸಿ ಕಲ್ಲು’ ಮಾತ್ರ ಬೇಡವೇ ಬೇಡ. ಹೊಟ್ಟೆ ಸುಡುತ್ತಿದ್ದರೂ ಮರಿ ಅದರ ಮೇಲಿಂದ ಏಳದೆ ಕೂತಿರುತ್ತದೆ.

ಕರ್ನಾಟಕದಲ್ಲಿ ಸಾಕುವವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ವರ್ಷದ ಬಹುಪಾಲು ಬೆಳಗಿನ ಎಳೆಬಿಸಿಲು ಧಾರಾಳವಾಗಿ ಸಿಗುತ್ತದೆ. ಬಲೆಯ ಪಂಜರದಲ್ಲಿ, ಅರ್ಧ ನೆರಳಿರುವ ಕಡೆ, ಕಾಗೆ ಬೆಕ್ಕುಗಳ ಮೇಲೆ ಕಣ್ಣಿಟ್ಟು 20 ನಿಮಿಷ ಬಿಡಿ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಿಸಿಲಿಗೆ ತರಬೇಡಿ, ನಿಮಿಷಗಳಲ್ಲಿ ಜೀವ ಹೋಗುತ್ತದೆ. ತೊಡಕೆಂದರೆ ತೇವ. ಮರುಭೂಮಿಯಂಚಿನ ಈ ಜೀವಿಗೆ ಗಾಳಿಯ ತೇವಾಂಶ 30ರಿಂದ 40 ಪ್ರತಿಶತ ಇದ್ದರೆ ಸುಖ. ಮಳೆಗಾಲದಲ್ಲಿ, ಕರಾವಳಿಯಲ್ಲಂತೂ ವರ್ಷದ ಬಹುಪಾಲು, ಅದರ ಎರಡು ಪಟ್ಟು ಇರುತ್ತದೆ. ಅಂಥ ಕಡೆ ಮೇಲ್ಭಾಗ ಬಲೆಯಿರುವ ಗೂಡು, ನೀರಿನ ಬಟ್ಟಲು ತಂಪು ಬದಿಯಲ್ಲಿ, ಅಗತ್ಯವಿದ್ದರೆ ಕೋಣೆಗೆ ಡಿಹ್ಯೂಮಿಡಿಫೈಯರ್. ತೇವ ಕಟ್ಟಿಕೊಂಡ ಗೂಡಿನಲ್ಲಿ ಶ್ವಾಸಕೋಶದ ಸೋಂಕು ಬಹಳ ಬೇಗ ಬರುತ್ತದೆ.

ಊಟ

ಬೆಳೆದ ಪ್ರಾಣಿ ಹೆಚ್ಚಾಗಿ ಸೊಪ್ಪು ತಿನ್ನುತ್ತದೆ. ಮರಿಗೆ ಅದರ ತಿರುವುಮುರುವು, ಮುಕ್ಕಾಲು ಪಾಲು ಹುಳು, ಕಾಲು ಪಾಲು ಸೊಪ್ಪು. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ಸಲ ಹುಳು ಕೊಡಿ, ಎಂಟು ತಿಂಗಳವರೆಗೆ ಎರಡು ಸಲ, ಅಲ್ಲಿಂದ ವರ್ಷ ತುಂಬುವವರೆಗೆ ಒಂದು ಸಲ. ಪ್ರತಿ ಸಲವೂ 10ರಿಂದ 15 ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ಬೆಳಗ್ಗೆ ದೀಪ ಹತ್ತಿ ಒಂದು ಗಂಟೆ ಮೈ ಕಾಯಿಸಿಕೊಂಡ ಮೇಲೆ ಮೊದಲ ಊಟ. ಕೊನೆಯದು ದೀಪ ಆರುವುದಕ್ಕೆ ಎರಡು ಗಂಟೆ ಮುಂಚೆಯೇ ಮುಗಿಯಬೇಕು, ಬಿಸಿಯಿಲ್ಲದೆ ಅರಗುವುದಿಲ್ಲ.

ಹುಳುವಿನ ಗಾತ್ರಕ್ಕೆ ಒಂದು ಅಳತೆಯಿದೆ: ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅದು ದೊಡ್ಡದಿರಬಾರದು. ದೊಡ್ಡ ಹುಳು ಸರಿಯಾಗಿ ಅರಗದೆ ಕರುಳಿಗೆ ಅಡ್ಡ ಕೂರಬಹುದು. ತಿನ್ನದೆ ಉಳಿದ ಹುಳುಗಳನ್ನು ತಪ್ಪದೆ ಹೆಕ್ಕಿ ಹೊರಗೆ ಹಾಕಿ. ರಾತ್ರಿ ಮಲಗಿದ ಮರಿಯ ಕಣ್ಣುರೆಪ್ಪೆ, ಬೆರಳುಗಳನ್ನು ಹಸಿದ ಕ್ರಿಕೆಟ್ ಹುಳುಗಳು ಕಚ್ಚುತ್ತವೆ.

ಯಾವ ಹುಳು? ಕ್ರಿಕೆಟ್, ಡೂಬಿಯಾ ಜಿರಲೆ, ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು, ರೇಷ್ಮೆ ಹುಳು ಇವು ಒಳ್ಳೆಯವು. ಡೂಬಿಯಾಕ್ಕೆ ಆಸ್ಟ್ರೇಲಿಯಾದಲ್ಲಿ ಅನುಮತಿಯಿಲ್ಲ, ಅಲ್ಲಿನವರು ಕ್ರಿಕೆಟ್ ಮತ್ತು ಸ್ಥಳೀಯವಾಗಿ ಸಾಕಿದ ಜಿರಲೆಗಳನ್ನು ಬಳಸುತ್ತಾರೆ. ಮೀಲ್‌ವರ್ಮ್‌ನ ಹೊರಚಿಪ್ಪು ಗಟ್ಟಿ, ಸಣ್ಣ ಮರಿಗೆ ಬೇಡ. ವ್ಯಾಕ್ಸ್‌ವರ್ಮ್ ಬರೀ ಕೊಬ್ಬು, ಎಂದಾದರೊಂದು ದಿನ ಸಾಕು. ಮನೆಯ ಜಿರಲೆ, ಹಲ್ಲಿಮರಿ, ತೋಟದ ಮಿಡತೆಗಳನ್ನು ಹಿಡಿದು ಹಾಕಬೇಡಿ, ಕೀಟನಾಶಕವೂ ಪರೋಪಜೀವಿಗಳೂ ಜೊತೆಗೇ ಬರುತ್ತವೆ. ಮಿಂಚುಹುಳದ ವಿಷಯದಲ್ಲಿ ಮಾತ್ರ ಮಕ್ಕಳಿಗೆ ಬಿಗಿಯಾಗಿ ಹೇಳಿಡಿ. ಅಮೆರಿಕದ ಹಿತ್ತಿಲುಗಳಲ್ಲಿ ಜೂನ್ ಬಂತೆಂದರೆ ಮಿಂಚುಹುಳ ಹಿಡಿಯುವುದೇ ಮಕ್ಕಳಿಗೆ ಆಟ. ಅದರಲ್ಲಿರುವ ವಿಷ ಹೃದಯಕ್ಕೆ ಬಡಿಯುತ್ತದೆ. ಒಂದೇ ಒಂದು ಮಿಂಚುಹುಳ ತಿಂದದ್ದಕ್ಕೇ ಪೂರ್ತಿ ಬೆಳೆದ ಬಿಯರ್ಡೆಡ್ ಡ್ರ್ಯಾಗನ್‌ಗಳೂ ಸತ್ತಿವೆ.

ರೇಷ್ಮೆ ಹುಳುವಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ವಿದೇಶಗಳಲ್ಲಿ ದುಬಾರಿ ಬೆಲೆ ಕೊಟ್ಟು ಸಣ್ಣ ಡಬ್ಬಿಯಲ್ಲಿ ತರಿಸುವ ಈ ಹುಳು ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆ ಮನೆಮನೆಯ ಬೆಳೆ. ಮೈ ಮೆತ್ತಗೆ, ನೀರಿನಂಶ ಹೆಚ್ಚು, ಕೊಬ್ಬು ಕಡಿಮೆ, ಗಟ್ಟಿ ಚಿಪ್ಪಿಲ್ಲ. ಮರಿಗೆ ಇದಕ್ಕಿಂತ ಒಳ್ಳೆಯ ಹುಳು ಸಿಗುವುದು ಕಷ್ಟ. ಎರಡನೇ ಜ್ವರ (ಪೊರೆ ಬಿಡುವ ಹಂತ) ದಾಟುವ ಮುಂಚಿನ ಚಾಕಿ ಹುಳುವಿನ, ಎಂದರೆ ಎಳೆಯ ಹುಳುವಿನ ಗಾತ್ರವೂ ಪುಟ್ಟ ಬಾಯಿಗೆ ಸರಿಹೋಗುತ್ತದೆ. ಆದರೆ ಹುಳುಮನೆಯಿಂದ ನೇರವಾಗಿ ತಂದು ಹಾಕಬೇಡಿ. ರೋಗ ಬಾರದಂತೆ ಹುಳುಮನೆಗೆ ಬ್ಲೀಚಿಂಗ್ ಪೌಡರ್, ಸುಣ್ಣ ಬಳಸುತ್ತಾರೆ, ಹುಳುಗಳ ಹಾಸಿಗೆಯ ಮೇಲೆ ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ಚಾಕಿ ಹುಳು ತಂದು, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಹಾಕಿ, ಶುಭ್ರವಾದ ತಟ್ಟೆಯಲ್ಲಿ ನೀವೇ ಕೆಲವು ದಿನ ಸಾಕಿ ಆಮೇಲೆ ಕೊಡಿ. ಅದೇ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮರಿಗೂ ಹಾಕಬಹುದು.

ಬೇರೆ ಹುಳುಗಳಿಗೂ ಹೊಟ್ಟೆ ತುಂಬಿಸಿಯೇ ಮರಿಗೆ ಕೊಡಬೇಕು. ಹಸಿದ ಕ್ರಿಕೆಟ್ ಹುಳುವಿನಲ್ಲಿ ಮರಿಗೆ ದಕ್ಕುವಂಥದ್ದು ಹೆಚ್ಚೇನೂ ಇರುವುದಿಲ್ಲ. ಕೊಡುವುದಕ್ಕೆ ಒಂದು ದಿನ ಮುಂಚೆ ಕ್ಯಾರೆಟ್, ಸಿಹಿಗುಂಬಳ, ಸೊಪ್ಪು ತಿನ್ನಿಸಿ. ಆಮೇಲೆ ಕ್ಯಾಲ್ಸಿಯಂ ಪುಡಿ. ಬಹುತೇಕ ಹುಳುಗಳಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಮರಿಗೆ ಬೇಕಿರುವುದು ಒಂದು ಪಾಲು ರಂಜಕಕ್ಕೆ ಎರಡು ಪಾಲು ಕ್ಯಾಲ್ಸಿಯಂ. ಹುಳುಗಳನ್ನು ಒಂದು ಲೋಟಕ್ಕೆ ಹಾಕಿ, ಚಿಟಿಕೆ ಪುಡಿ ಉದುರಿಸಿ, ಮೈಗೆ ತೆಳುವಾಗಿ ಅಂಟುವಂತೆ ಕುಲುಕಿ. ಯುವಿಬಿ ಸರಿಯಿದ್ದರೆ ಡಿ3 ಇಲ್ಲದ ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್ ದಿನಕ್ಕೊಮ್ಮೆ ಸಾಕು, ಡಿ3 ಇರುವ ಮಲ್ಟಿವಿಟಮಿನ್ ವಾರಕ್ಕೆ ಒಂದೆರಡು ಸಲ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಭಾವಿಸಬೇಡಿ, ವಿಟಮಿನ್ ಎ ಮತ್ತು ಡಿ ಮೈಯಲ್ಲಿ ಶೇಖರವಾಗಿ ವಿಷವಾಗುತ್ತವೆ. ಸೋಲ್ಜರ್ ಫ್ಲೈ ಮರಿಹುಳುವಿನಲ್ಲಿ ಕ್ಯಾಲ್ಸಿಯಂ ಸಹಜವಾಗಿಯೇ ಧಾರಾಳ, ಅದಕ್ಕೆ ಪುಡಿ ಬೇಕಿಲ್ಲ.

ಸೊಪ್ಪಿನ ತಟ್ಟೆಯನ್ನು ಬೆಳಗ್ಗೆ ಮೊದಲು ಇಡಿ, ಹುಳು ಆಮೇಲೆ. ಮರಿ ಸೊಪ್ಪಿನ ಕಡೆ ತಿರುಗಿಯೂ ನೋಡದೆ ವಾರಗಟ್ಟಲೆ ಕಳೆದರೂ ಇಡುವುದನ್ನು ಬಿಡಬೇಡಿ, ಈಗ ರೂಢಿಯಾಗದಿದ್ದರೆ ದೊಡ್ಡದಾದ ಮೇಲೆ ಬಹಳ ಪಾಡು. ಸಾಸಿವೆ ಸೊಪ್ಪು, ಕೊಲಾರ್ಡ್ ಸೊಪ್ಪು, ದಂಡೇಲಿಯನ್ ಎಲೆ, ನುಗ್ಗೆ ಸೊಪ್ಪು, ದಾಸವಾಳದ ಹೂವು ಮತ್ತು ಎಳೆ ಎಲೆ, ತುರಿದ ಸಿಹಿಗುಂಬಳ ಚೆನ್ನ. ಪಾಲಕ್, ದಂಟು, ಹರಿವೆ, ಬೀಟ್‌ರೂಟ್ ಎಲೆಗಳು ನಮಗೆ ಒಳ್ಳೆಯವೇ ಆದರೂ ಅವುಗಳ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ದಿನನಿತ್ಯಕ್ಕೆ ಬೇಡ. ಬೆಣ್ಣೆಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ರುಬಾರ್ಬ್ ಯಾವತ್ತೂ ಬೇಡ. ಉಪ್ಪು, ಎಣ್ಣೆ ಸೋಕಿದ್ದು, ಒಗ್ಗರಣೆಗೆ ಬಿದ್ದದ್ದು ಬೇಡ. ಪಪ್ಪಾಯಿಯಂಥ ಹಣ್ಣು ವಾರಕ್ಕೊಮ್ಮೆ ಚೂರು.

ನೀರು

ಒಣನಾಡಿನ ಪ್ರಾಣಿಯಾದ್ದರಿಂದ ನಿಂತ ನೀರನ್ನು ಗುರುತಿಸುವುದರಲ್ಲಿ ಮರಿಗಳು ನಿಧಾನ. ಆಳವಿಲ್ಲದ ಬಟ್ಟಲಿನಲ್ಲಿ ದಿನವೂ ತಾಜಾ ನೀರಿಡಿ. ಬೆಳಗಿನ ಹೊತ್ತು ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟರೆ ನೆಕ್ಕುತ್ತದೆ. ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಹಾಕಿ. ವಾರಕ್ಕೆ ಒಂದೆರಡು ಸಲ 30 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ, ಮರಿಯ ಮೊಣಕೈ ಮಟ್ಟಕ್ಕೆ, 10 ನಿಮಿಷ ಬಿಡಬಹುದು. ಕಣ್ಣು ತಪ್ಪಿಸಬೇಡಿ. ಆಮೇಲೆ ಒರೆಸಿ ನೇರ ಬಿಸಿ ಕಲ್ಲಿನ ಮೇಲೆ ಬಿಡಿ. ಬಾಲದ ಬುಡದ ರಂಧ್ರದಿಂದ ನೀರು ಹೀರುತ್ತದೆ ಎಂಬ ಮಾತು ಸುಳ್ಳು, ಅದು ಕುಡಿಯುವುದು ಬಾಯಿಂದಲೇ.

ಒಂದು ಗೂಡಿಗೆ ಒಂದೇ ಮರಿ

ಒಂಟಿಯಾಗಿ ಬೇಸರವಾಗುತ್ತದೆಂದು ಜೊತೆ ತರಬೇಡಿ. ಇವು ಒಂಟಿಯಾಗಿಯೇ ಬದುಕುವ ಪ್ರಾಣಿಗಳು. ಎರಡು ಮರಿಗಳಲ್ಲಿ ಒಂದು ಬಿಸಿ ಜಾಗ, ಹುಳು ಎರಡನ್ನೂ ತನ್ನದಾಗಿಸಿಕೊಳ್ಳುತ್ತದೆ, ಇನ್ನೊಂದು ಸೊರಗುತ್ತದೆ. ಒಂದರ ಮೇಲೊಂದು ಮಲಗಿದ್ದನ್ನು ನೋಡಿ ಪ್ರೀತಿ ಎನ್ನುತ್ತಾರೆ, ಅದು ಶಾಖದ ಜಾಗಕ್ಕಾಗಿ ನಡೆಯುವ ಜಗಳ. ಮುಂಗಾಲನ್ನು ವೃತ್ತಾಕಾರದಲ್ಲಿ ಬೀಸುವ ಮರಿ ‘ನಾನು ನಿನಗೆ ಅಡಿಯಾಳು, ಕಚ್ಚಬೇಡ’ ಎಂದು ಸೂಚಿಸುತ್ತಿದೆ. ಹಸಿವಾದಾಗ ಜೊತೆಯದರ ಬೆರಳು, ಬಾಲದ ತುದಿಯನ್ನೇ ಕಚ್ಚಿ ತಿನ್ನುತ್ತವೆ. ಮನೆಹಲ್ಲಿಯ ಹಾಗೆ ಇವುಗಳ ಬಾಲ ಮತ್ತೆ ಬೆಳೆಯುವುದಿಲ್ಲ.

ಮುಟ್ಟುವುದು, ಕೈ ತೊಳೆಯುವುದು

ಮನೆಗೆ ತಂದ ಮೊದಲ ವಾರ ಹುಳು, ನೀರು, ಶುಚಿ ಇಷ್ಟು ಬಿಟ್ಟರೆ ಮರಿಯನ್ನು ಅದರ ಪಾಡಿಗೆ ಬಿಡಿ. ಮಕ್ಕಳಿಗೆ ಇದು ಬಹಳ ಕಷ್ಟ, ಆದರೂ ಕಾಯಲೇಬೇಕು. ಆಮೇಲೆ ದಿನಕ್ಕೆ ಐದು ಹತ್ತು ನಿಮಿಷದಿಂದ ಶುರು ಮಾಡಿ. ಕೈಯನ್ನು ಮೇಲಿನಿಂದ ತಂದರೆ ನೆತ್ತಿಯ ಕಣ್ಣಿಗೆ ನೆರಳು ಬಿದ್ದು ಹದ್ದು ಬಂತೆಂದು ಬೆದರುತ್ತದೆ. ಬದಿಯಿಂದ ತಂದು ಹೊಟ್ಟೆಯ ಕೆಳಗೆ ಅಂಗೈಯಿಟ್ಟು, ನಾಲ್ಕೂ ಕಾಲಿಗೆ ಆಧಾರ ಸಿಗುವಂತೆ ಎತ್ತಿ. ಪೊರೆ ಬಿಡುವ ದಿನಗಳಲ್ಲಿ ಮೈ ಮಂಕಾಗಿ ಸಿಡುಕುತ್ತದೆ, ಆಗ ಮುಟ್ಟದಿರುವುದು ಒಳ್ಳೆಯದು. ಪೊರೆಯನ್ನು ಎಳೆದು ಕೀಳಬೇಡಿ. ಬೆರಳು, ಬಾಲದ ತುದಿಯಲ್ಲಿ ಉಂಗುರದಂತೆ ಉಳಿದರೆ ಮಾತ್ರ ಬೆಚ್ಚನೆ ನೀರಿನಲ್ಲಿ ನೆನೆಸಿ ನಿಧಾನವಾಗಿ ಸಡಿಲಿಸಿ, ಬಿಗಿಯಾಗಿ ಬಿಟ್ಟರೆ ರಕ್ತ ಓಡದೆ ಆ ತುದಿ ಸತ್ತುಹೋಗುತ್ತದೆ.

ಆರೋಗ್ಯವಾಗಿ ಕಾಣುವ ಪ್ರಾಣಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಅಪಾಯಕಾರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಿಯರ್ಡೆಡ್ ಡ್ರ್ಯಾಗನ್‌ಗಳಿಂದ ಹಬ್ಬಿದ ಸೋಂಕುಗಳನ್ನು ಹಲವು ಸಲ ಗುರುತಿಸಿದೆ, ಪ್ರಾಣಿಯನ್ನು ಮುಟ್ಟಿಯೇ ಇರದ ಹಸುಗೂಸುಗಳಿಗೂ ಬಂದದ್ದಿದೆ. ಊರಿಂದ ಅಜ್ಜ ಅಜ್ಜಿ ಬಂದಿರುವಾಗ, ಮನೆಯಲ್ಲಿ ಬಾಣಂತನ ನಡೆಯುತ್ತಿರುವಾಗ ಇನ್ನೂ ಎಚ್ಚರವಿರಲಿ. ಮುಟ್ಟಿದವರು ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಲಿ, ಮುದ್ದಿಸುವುದು ಬೇಡ, ಅಡುಗೆಮನೆಗೆ ಪ್ರವೇಶ ಬೇಡ. ಗೂಡಿನ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಕಾಯಿಲೆ ಹಿಡಿಯುವುದು

ಈ ಪ್ರಾಣಿಗಳು ರೋಗವನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಹಾಗಾಗಿ ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಅಡುಗೆಯದಲ್ಲ, ಇದಕ್ಕೆಂದೇ ಬೇರೆ ತಕ್ಕಡಿ. ಮೊದಲ ವರ್ಷ ತೂಕ ಏರುತ್ತಲೇ ಇರಬೇಕು. ಎರಡು ವಾರ ನಿಂತರೆ ಮೊದಲು ಗೂಡಿನ ಬಿಸಿ ಅಳೆಯಿರಿ, ಇಳಿದರೆ ವೈದ್ಯರಿಗೆ ಫೋನ್ ಮಾಡಿ.

ಹಿಕ್ಕೆಯನ್ನು ದಿನವೂ ನೋಡಿ. ಕಂದು ಭಾಗ ಗಟ್ಟಿಯಾಗಿ, ಬಿಳಿ ಭಾಗ ಮೆತ್ತಗೆ ಇದ್ದರೆ ಸರಿ. ಬಿಳಿ ಭಾಗ ಹಳದಿಯಾಗಿ ಸುಣ್ಣದಕಡ್ಡಿಯಂತೆ ಗಟ್ಟಿಯಾದರೆ ನೀರು ಸಾಲದು. ನೀರುನೀರಾಗಿ, ತಡೆಯಲಾಗದ ವಾಸನೆಯಿದ್ದು ಮರಿ ಬೆಳೆಯುತ್ತಿಲ್ಲವಾದರೆ ಕಾಕ್ಸಿಡಿಯಾ ಎಂಬ ಪರಾವಲಂಬಿ ಹೆಚ್ಚಿರಬಹುದು. ಅದಕ್ಕೆ ಔಷಧಿಯಿದೆ, ಆದರೆ ಹಿಕ್ಕೆ ಪರೀಕ್ಷೆಯಾದ ಮೇಲೆ ವೈದ್ಯರು ತೂಕ ನೋಡಿ ಕೊಡಬೇಕು. ದಿನವೂ ಹಿಕ್ಕೆ ಹಾಕುತ್ತಿದ್ದ ಮರಿ ಮೂರು ನಾಲ್ಕು ದಿನ ನಿಲ್ಲಿಸಿ ಹಿಂಗಾಲು ಎಳೆಯುತ್ತಿದ್ದರೆ ಕರುಳು ಕಟ್ಟಿರಬಹುದು.

ಬಿಸಿ ಕಲ್ಲಿನ ಮೇಲೆ ಬಾಯಿ ತೆರೆದು ಕೂರುವುದು ಸಹಜ, ಹೆಚ್ಚಾದ ಶಾಖವನ್ನು ಹೊರಹಾಕುವ ರೀತಿ. ತಂಪು ಬದಿಯಲ್ಲೂ ಬಾಯಿ ತೆರೆದು, ಮೂಗಿನಲ್ಲಿ ಲೋಳೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಇದ್ದರೆ ಶ್ವಾಸಕೋಶದ ಸೋಂಕು. ಗಡ್ಡ, ಎಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮ, ಗಂಟೆಗಟ್ಟಲೆ ಕಪ್ಪಾಗಿಯೇ ಇದ್ದರೆ ನೋವೋ ಭಯವೋ ಇದೆ. ಬೆರಳುಗಳು ಅದುರುವುದು, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುವುದು, ಕೆಳದವಡೆ ಊದಿದಂತೆ ಕಾಣುವುದು, ಹುಳು ಹಿಡಿಯಲು ಗುರಿ ತಪ್ಪುವುದು ಇವು ಮೂಳೆರೋಗದ ಆರಂಭ. ಅದೇ ದಿನ ವೈದ್ಯರ ಬಳಿ ಹೋಗಿ, ಈ ಹಂತದಲ್ಲಿ ಹಿಡಿದರೆ ಬಹಳಷ್ಟು ಮರಿಗಳು ಚೇತರಿಸಿಕೊಳ್ಳುತ್ತವೆ. ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡುವುದು, ಎಷ್ಟು ತಿಂದರೂ ಬೆಳೆಯದಿರುವುದು ಅಡಿನೋವೈರಸ್‌ನ ಲಕ್ಷಣವಿರಬಹುದು. ಮನೆಯಲ್ಲಿ ಇನ್ನೊಂದು ಪ್ರಾಣಿಯಿದ್ದರೆ ಪಾತ್ರೆ, ಚಿಮಟ ಎಲ್ಲ ಬೇರೆ ಮಾಡಿ.

ಚಳಿಗಾಲದಲ್ಲಿ ಬೆಳೆದ ಪ್ರಾಣಿಗಳು ವಾರಗಟ್ಟಲೆ ಮಂಪರಿನಲ್ಲಿ ಮಲಗುವುದುಂಟು. ವರ್ಷ ತುಂಬದ ಮರಿ ಹಾಗೆ ಮಲಗಿದರೆ ಚಳಿನಿದ್ದೆ ಎಂದು ಸುಮ್ಮನಿರಬೇಡಿ, ಅದನ್ನು ಕಾಯಿಲೆ ಎಂದೇ ತಿಳಿಯಿರಿ.

ವೈದ್ಯರನ್ನು ಮರಿ ತರುವ ಮೊದಲೇ ಹುಡುಕಿಟ್ಟುಕೊಳ್ಳಿ. ನಾಯಿ ಬೆಕ್ಕು ನೋಡುವ ಎಲ್ಲ ಪಶುವೈದ್ಯರಿಗೂ ಸರೀಸೃಪಗಳ ಅಭ್ಯಾಸವಿರುವುದಿಲ್ಲ. ಸರೀಸೃಪ ಮತ್ತು ಉಭಯಚರ ವೈದ್ಯರ ಅಂತರರಾಷ್ಟ್ರೀಯ ಸಂಘ ಎಆರ್‌ಎವಿ ತನ್ನ ಸದಸ್ಯರನ್ನು ಊರಿನ ಪ್ರಕಾರ ಹುಡುಕಲು ಅವಕಾಶ ಕೊಟ್ಟಿದೆ. ಮರಿ ಬಂದ ಮೊದಲ ತಿಂಗಳಲ್ಲೇ ಒಂದು ಸಲ ತೋರಿಸಿ. ಹೋಗುವಾಗ ಅದೇ ದಿನದ ಹಿಕ್ಕೆಯನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ತೆಗೆದುಕೊಳ್ಳಿ, ತೂಕ ಮತ್ತು ಉಷ್ಣಾಂಶ ಬರೆದ ಪುಸ್ತಕ ಜೊತೆಗಿರಲಿ. ಗೂಡು, ಟ್ಯೂಬಿನ ಮೇಲಿನ ಗುರುತು, ಪುಡಿಗಳ ಡಬ್ಬಿಯ ಹಿಂಬದಿ ಇವುಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಚಳಿಯ ದಿನವಾದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ, ಬಿಸಿ ಹೆಚ್ಚೆನಿಸಿದರೆ ಮರಿ ಇನ್ನೊಂದು ಬದಿಗೆ ಸರಿಯಬಹುದು.